ಹಂದರ ಹಾಕಿದರೆ ಸಾಕೇ?

2011ರ ನವೆಂಬರ್‌ನಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆ ಒಂದು ಪ್ರಬಂಧವನ್ನು ಪ್ರಕಟಿಸಿತು. ಸ್ವೀಡನ್ನಿನ ಕ್ಯಾರೊಲಿನ್ಸ್ಕಾ ಸಂಸ್ಥೆಯ ಶಸ್ತ್ರವೈದ್ಯ ಪಾವೊಲೊ ಮಕ್ಯಾರಿನಿ ಮತ್ತು ಸಂಗಡಿಗರು ಪಾಲಿಮರ್‌ನಿಂದ ಮಾಡಿದ ಶ್ವಾಸನಾಳದ ಹಂದರದ ಮೇಲೆ ರೋಗಿಯದೇ ಅಸ್ಥಿಮಜ್ಜೆಯ ಕೋಶಗಳನ್ನು ಬಿತ್ತಿ, 36 ಗಂಟೆ ಜೈವಿಕ ರಿಯಾಕ್ಟರಿನಲ್ಲಿರಿಸಿ, ಆತನ ದೇಹದಲ್ಲಿ ಕೂರಿಸಿದ್ದರು. (ಸುದ್ದಿಯಲ್ಲಿ ಇವೆಲ್ಲ ‘ಸ್ಟೆಮ್ ಸೆಲ್’ಗಳಾದವು. ಮಜ್ಜೆಯ ಕೋಶಗಳಲ್ಲಿ ನಿಜವಾದ ಆಕರಕೋಶಗಳ ಪಾಲು ಅತ್ಯಲ್ಪ.) ಐದು ತಿಂಗಳ ಬಳಿಕ ಒಳಮೈಯಲ್ಲಿ ರಕ್ತನಾಳಗಳುಳ್ಳ ಹೊಸ ಲೋಳೆಪೊರೆ ಬೆಳೆದಿದೆ ಎಂದು ಪ್ರಬಂಧ ಸಾರಿತು.

ಆ ರೋಗಿ 2014ರಲ್ಲಿ ತೀರಿಕೊಂಡ. ಕ್ಯಾರೊಲಿನ್ಸ್ಕಾದಲ್ಲಿ ಇಂಥ ನಾಳ ಪಡೆದ ಮೂವರಲ್ಲಿ ಯಾರೂ ಉಳಿಯಲಿಲ್ಲ. ಲ್ಯಾನ್ಸೆಟ್ 2018ರಲ್ಲಿ ಪ್ರಬಂಧವನ್ನು ಹಿಂತೆಗೆದುಕೊಂಡಿತು. 2023ರಲ್ಲಿ ಸ್ವೀಡನ್ನಿನ ಮೇಲ್ಮನವಿ ನ್ಯಾಯಾಲಯ ಮಕ್ಯಾರಿನಿಗೆ ಎರಡೂವರೆ ವರ್ಷ ಸೆರೆವಾಸ ವಿಧಿಸಿತು.

ಅಕ್ರಮದ ಈ ಕಥೆ ಸಾಕಷ್ಟು ಪ್ರಚಾರ ಪಡೆದಿದೆ. ಭೌತವಿಜ್ಞಾನದ ಮೇಷ್ಟ್ರಾದ ನನ್ನ ಆಕ್ಷೇಪ ಬೇರೆ. ಪಿಯುಸಿ ವಿದ್ಯಾರ್ಥಿ ಮಾಡಬಲ್ಲ ಒಂದು ಲೆಕ್ಕವನ್ನು ಹೊಗಳಿದವರೇಕೆ ಮಾಡಲಿಲ್ಲ? ನೀವೇ ಮಾಡಿ ನೋಡಿ. ಲೋಮನಾಳದಿಂದ ಜೀವಕೋಶಕ್ಕೆ ಆಕ್ಸಿಜನ್ ತಲಪುವುದು ವಿಸರಣೆಯಿಂದ. ಅದಕ್ಕೆ ಹಿಡಿಯುವ ಕಾಲ ದೂರದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಅಂಗಾಂಶದಲ್ಲಿ ಆಕ್ಸಿಜನ್ನಿನ ವಿಸರಣಾಂಕ ಸೆಕೆಂಡಿಗೆ ಸುಮಾರು 2000 ಚದರ ಮೈಕ್ರೋಮೀಟರ್. ದೂರದ ವರ್ಗವನ್ನು ಇದರ ಇಮ್ಮಡಿಯಿಂದ ಭಾಗಿಸಿದರೆ, 100 ಮೈಕ್ರೋಮೀಟರ್ ದಾಟಲು ಎರಡೂವರೆ ಸೆಕೆಂಡು. ಶ್ವಾಸನಾಳದ ಗೋಡೆಯ ದಪ್ಪ ಸುಮಾರು 3 ಮಿಲಿಮೀಟರ್. ಅದನ್ನು ದಾಟಲು 37 ನಿಮಿಷಕ್ಕೂ ಹೆಚ್ಚು. ಕಾಲ ಮಾತ್ರವಲ್ಲ, ದಾರಿಯಲ್ಲಿರುವ ಕೋಶಗಳು ಆಕ್ಸಿಜನ್ನನ್ನು ಬಳಸುತ್ತಲೇ ಇರುತ್ತವೆ. ಒಳಗಿನ ಕೋಶದ ಪಾಡು ಕಾಲುವೆಯ ಕೊನೆಯಂಚಿನ ಗದ್ದೆಯ ಪಾಡು. ಶ್ವಾಸಕೋಶದ ಗಂತಿಗಳಲ್ಲಿ ರಕ್ತ ಪೂರೈಕೆಯಿಂದ ಸುಮಾರು 0.2 ಮಿಲಿಮೀಟರ್ ಆಚೆಗಿನ ಕೋಶಗಳು ಸತ್ತಿರುವುದನ್ನು ತಾಮ್ಲಿನ್‌ಸನ್ ಮತ್ತು ಗ್ರೇ 1955ರಲ್ಲೇ ತೋರಿಸಿದ್ದರು. ವಿಕಿರಣ ಪ್ರಮಾಣದ ಮಾನಕ್ಕೆ ಹೆಸರು ಕೊಟ್ಟ ಭೌತವಿಜ್ಞಾನಿ ಗ್ರೇ ಇವರೇ.

ಶ್ವಾಸನಾಳದೊಳಗೆ ಗಾಳಿಯೇ ಇದೆಯಲ್ಲ ಎಂದು ಜಾಣ ವಿದ್ಯಾರ್ಥಿ ಕೇಳಬಹುದು. ನ್ಯಾಯವಾದ ಪ್ರಶ್ನೆ. ಕಣ್ಣಿನ ಕಾರ್ನಿಯಾ ರಕ್ತನಾಳವಿಲ್ಲದೆ ಗಾಳಿಯ ಆಕ್ಸಿಜನ್ನಿನಿಂದಲೇ ಬದುಕುತ್ತದೆ. ಆದರೆ ಅದರ ದಪ್ಪ ಅರ್ಧ ಮಿಲಿಮೀಟರಿನಷ್ಟು, ಗ್ಲೂಕೋಸ್ ಅದಕ್ಕೆ ಹಿಂಬದಿಯ ದ್ರವದಿಂದ ಒದಗುತ್ತದೆ. ಗಾಳಿಯಲ್ಲಿ ಗ್ಲೂಕೋಸ್ ಇಲ್ಲ. ಸೋಂಕಿನೊಡನೆ ಕಾದಾಡುವ ಬಿಳಿಯ ರಕ್ತಕಣಗಳೂ ಇಲ್ಲ.

ಅಕ್ಕಪಕ್ಕದ ಅಂಗಾಂಶದಿಂದ ಹೊಸ ಲೋಮನಾಳ ಹಬ್ಬಬಹುದು, ನಿಜ. ಅದರ ವೇಗ ದಿನಕ್ಕೆ ಒಂದು ಮಿಲಿಮೀಟರಿಗಿಂತ ಕಡಿಮೆ. ಹಸಿದ ಕೋಶ ಅಷ್ಟು ದಿನ ಕಾಯದು. ಬೆಲ್ಜಿಯಮ್ಮಿನ ಲ್ಯೂವೆನ್ ನಗರದ ಶಸ್ತ್ರವೈದ್ಯ ಪಿಯೆರ್ ಡೆಲೇರ್ ಇದೇ ಆಕ್ಷೇಪವನ್ನು ಎತ್ತಿದ್ದರು. ಅವರ ಸ್ವಂತ ವಿಧಾನ ನೋಡಿ. ದಾನಿಯ ಶ್ವಾಸನಾಳವನ್ನು ಮೊದಲು ರೋಗಿಯ ಮುಂದೋಳಿನಲ್ಲಿ ಹುದುಗಿಸಿ, ತಿಂಗಳುಗಟ್ಟಲೆ ಕಾದು, ರಕ್ತನಾಳ ಹಬ್ಬಿದ ಮೇಲಷ್ಟೇ ಕತ್ತಿಗೆ ಸಾಗಿಸಿದರು. 2010ರಲ್ಲಿ ಪ್ರಕಟವಾದ ಈ ಕೆಲಸದಲ್ಲಿ ಆಕರಕೋಶದ ಬೆಡಗಿಲ್ಲ. ಆದುದರಿಂದಲೋ ಏನೋ, ಅಷ್ಟು ಸದ್ದಾಗಲಿಲ್ಲ.

ಹಾಗೆಂದು ಜೈವಿಕ ಸಾಮಗ್ರಿಗಳ ಕ್ಷೇತ್ರವನ್ನೇ ಅನುಮಾನಿಸಬೇಕಿಲ್ಲ. 2001ರಲ್ಲಿ ಡೇವಿಡ್ ಮೂನಿ ತಂಡ ಒಂದೇ ಪಾಲಿಮರ್ ಹಂದರದಿಂದ ಎರಡು ಬೆಳವಣಿಗೆ ಕಾರಕಗಳನ್ನು ಬೇರೆಬೇರೆ ವೇಗದಲ್ಲಿ ಒಸರುವಂತೆ ಮಾಡಿತು: ನಾಳವನ್ನು ಚಿಗುರಿಸುವ ವಿಇಜಿಎಫ್ ಮೊದಲು, ಅದನ್ನು ಬಲಪಡಿಸುವ ಪಿಡಿಜಿಎಫ್ ಆಮೇಲೆ. ಎರಡೂ ಸೇರಿದಾಗಲೇ ನಾಳಗಳು ಬಲಿತವು. ವಿಇಜಿಎಫ್ ಕೆಲವೆಡೆ ಅತಿಯಾದರೆ ನಾಳದ ಬದಲು ಗಂತಿಯಂಥ ಗೋಜಲು ಬೆಳೆಯುತ್ತದೆ ಎಂಬುದನ್ನು 2004ರಲ್ಲಿ ಇಲಿಗಳಲ್ಲಿ ಕಂಡರು. ಒಟ್ಟು ಪ್ರಮಾಣಕ್ಕಿಂತ ಸ್ಥಳೀಯ ಸಾರತೆ ಮುಖ್ಯ. ಇದೂ ವಿಸರಣೆಯ ಪಾಠವೇ.

ನಮ್ಮ ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಸಂಸ್ಥೆಯ ಸ್ಟೆಂಪ್ಯುಸೆಲ್‌ಗೆ ಬರ್ಗರ್ ಕಾಯಿಲೆಯ ಚಿಕಿತ್ಸೆಗಾಗಿ 2016ರಲ್ಲಿ ಸೀಮಿತ ಅನುಮತಿ ದೊರೆಯಿತು. ತಂಬಾಕು ಸೇವಿಸುವವರ ಕೈಕಾಲುಗಳ ರಕ್ತನಾಳ ಕಟ್ಟಿ, ಪಾದ ಕತ್ತರಿಸುವ ಸ್ಥಿತಿಗೆ ತರುವ ಕಾಯಿಲೆ ಇದು. ದಾನಿಗಳ ಮಜ್ಜೆಯಿಂದ ಬೆಳೆಸಿದ ಕೋಶಗಳನ್ನು ಮೀನಖಂಡಕ್ಕೆ ಚುಚ್ಚುತ್ತಾರೆ. ಇಲ್ಲಿ ದಪ್ಪ ಹಂದರವಿಲ್ಲ, ಕೋಶಗಳು ಜೀವಂತ ಸ್ನಾಯುವಿನ ನಡುವೆ ಬೀಳುತ್ತವೆ. ನಮ್ಮ ಲೆಕ್ಕಕ್ಕೆ ಅಡ್ಡಿಯಿಲ್ಲ. ಇಂಥ ಚಿಕಿತ್ಸೆಗಳ ವರದಿ ಓದುವಾಗ ಕೇಳಬೇಕಾದ್ದು ಹೋಲಿಕೆಯ ಗುಂಪು ಹೇಗಿತ್ತು ಎಂಬುದನ್ನು. 178 ಹೃದ್ರೋಗಿಗಳ ಮೇಲೆ ವಿಇಜಿಎಫ್ ಪರೀಕ್ಷಿಸಿದ ‘ವೀವಾ’ ಅಧ್ಯಯನ 2003ರಲ್ಲಿ ಪ್ರಕಟವಾದಾಗ, 60ನೆಯ ದಿನ ಹುಸಿಮದ್ದು ಪಡೆದವರೂ ಮದ್ದು ಪಡೆದವರಷ್ಟೇ ಸುಧಾರಿಸಿದ್ದರು.

2024ರ ಡಿಸೆಂಬರ್‌ನಲ್ಲಿ ಅಮೆರಿಕದ ಎಫ್‌ಡಿಎ ಗಾಯಗೊಂಡ ಕೈಕಾಲುಗಳ ಧಮನಿಗೆ ಬದಲಿಯಾಗಿ ‘ಸಿಮ್‌ವೆಸ್’ ಎಂಬ ನಾಳವನ್ನು ಅನುಮೋದಿಸಿತು. ಪ್ರಯೋಗಾಲಯದಲ್ಲಿ ಮಾನವ ಕೋಶಗಳೇ ಅದನ್ನು ಹೆಣೆಯುತ್ತವೆ. ಅಳವಡಿಸುವ ಮುನ್ನ ಆ ಕೋಶಗಳನ್ನೆಲ್ಲ ತೊಳೆದು ತೆಗೆಯುತ್ತಾರೆ. ಹಸಿವಿನಿಂದ ಸಾಯಲು ಒಳಗೆ ಯಾರೂ ಇರುವುದಿಲ್ಲ.