ಚಾಪ್ಲಿನ್‌ನ ತೂತು ಜೇಬು

ಚಾರ್ಲಿ ಚಾಪ್ಲಿನ್‌ನ ‘ದಿ ಇಮಿಗ್ರಂಟ್’ 1917ರ ಮೂಕಿ ಚಿತ್ರ. ಪೂರ್ತಿ ನೋಡಿದರೂ ಅರ್ಧ ಗಂಟೆ ಆಗಲ್ಲ. ಕೈಯಲ್ಲಿ ಕೆಲಸ ಇಲ್ಲದೆ ಬೇರೆ ದೇಶಕ್ಕೆ ಹೋಗೋದಾ ಬೇಡ್ವಾ ಅಂತ ತಲೆ ಕೆಡಿಸಿಕೊಂಡಿರೋರು ಯಾರಾದರೂ ಏನು ಓದಲಿ, ಏನು ನೋಡಲಿ ಅಂತ ಕೇಳಿದರೆ ನಾನು ಮೊದಲು ಹೇಳೋದು ಇದನ್ನೇ. ಕನ್ನಡದ ಯಾವ ಕಾದಂಬರಿಯನ್ನೂ ಅಲ್ಲ, ಸಿನಿಮಾವನ್ನೂ ಅಲ್ಲ. ಯಾಕೆ ಅಂತ ಸ್ವಲ್ಪ ವಿವರವಾಗಿ ಹೇಳಬೇಕು.

ಚಿತ್ರದ ಮೊದಲರ್ಧ ಹಡಗಲ್ಲಿ ನಡೆಯುತ್ತೆ. ವಾಂತಿ, ಓಲಾಟ, ಇಸ್ಪೀಟು. ದೂರದಲ್ಲಿ ಲಿಬರ್ಟಿ ಪ್ರತಿಮೆ ಕಾಣಿಸುತ್ತೆ, ಎಲ್ಲರೂ ಭಕ್ತಿಯಿಂದ ನೋಡ್ತಾರೆ, ಅಷ್ಟರಲ್ಲಿ ಅಧಿಕಾರಿಗಳು ಬಂದು ಎಲ್ಲರನ್ನೂ ಹಗ್ಗ ಹಾಕಿ ದನದ ಹಾಗೆ ಒಂದು ಕಡೆ ತಳ್ಳುತ್ತಾರೆ. ಈ ದೃಶ್ಯದ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ, ಅದನ್ನು ಬಿಡೋಣ. ನನಗೆ ಮುಖ್ಯ ಅನಿಸೋದು ದ್ವಿತೀಯಾರ್ಧ. ಊರಿಗೆ ಇಳಿದಾಗಿದೆ, ಕೆಲಸ ಇಲ್ಲ, ಹಸಿವು. ಹೋಟೆಲ್ ಮುಂದೆ ಒಂದು ನಾಣ್ಯ ಸಿಗುತ್ತೆ. ಚಾರ್ಲಿ ಅದನ್ನು ಜೇಬಿಗೆ ಹಾಕಿಕೊಂಡು ರಾಜನ ಹಾಗೆ ಒಳಗೆ ಹೋಗಿ ಬೀನ್ಸ್ ತರಿಸ್ತಾನೆ. ಜೇಬು ತೂತು, ನಾಣ್ಯ ಆಗಲೇ ಹೊರಗೆ ಬಿದ್ದು ಹೋಗಿದೆ, ಅವನಿಗೆ ಗೊತ್ತಿಲ್ಲ. ಪಕ್ಕದಲ್ಲಿ ಒಬ್ಬ ಗಿರಾಕಿಗೆ ಹತ್ತು ಸೆಂಟ್ ಕಮ್ಮಿ ಬಿದ್ದಿದ್ದಕ್ಕೆ ಸಪ್ಲೈಯರ್‌ಗಳೆಲ್ಲ ಸೇರಿ ಚಚ್ಚಿ ಆಚೆ ಎಸೀತಾರೆ. ಇವನು ಮೆಲ್ಲಗೆ ಜೇಬಿಗೆ ಕೈ ಹಾಕಿ ನೋಡಿಕೊಳ್ತಾನೆ. ಆ ಮುಖ ನೋಡಬೇಕು ನೀವು.

ಅಲ್ಲಿಂದ ಮುಂದೆ ಇಡೀ ಸಿನಿಮಾ ಒಂದು ನಾಣ್ಯದ ಹಿಂದೆ ಓಡುತ್ತೆ. ಅದೇ ನಾಣ್ಯ ಬೇರೊಬ್ಬನ ಕೈಯಿಂದ ಹೋಟೆಲಿಗೆ ಬರುತ್ತೆ, ಸಪ್ಲೈಯರ್ ಜೇಬೂ ತೂತು, ನೆಲಕ್ಕೆ ಬೀಳುತ್ತೆ, ಚಾರ್ಲಿ ಹರಸಾಹಸ ಮಾಡಿ ಎತ್ತಿಕೊಂಡು ಬಿಲ್ಲಿಗೆ ಕೊಡ್ತಾನೆ. ಸಪ್ಲೈಯರ್ ಕಚ್ಚಿ ನೋಡಿದರೆ ಖೋಟಾ! ನಗು ಬರುತ್ತೆ ನಿಜ. ಆದರೆ ಕೆಲಸ ಇಲ್ಲದೆ ಪರದೇಶದಲ್ಲಿ ಇರೋನು ದುಡ್ಡನ್ನು ನೋಡೋ ರೀತಿಯನ್ನು ಇಷ್ಟು ಕರೆಕ್ಟಾಗಿ ತೋರಿಸಿದ್ದನ್ನು ನಾನು ಬೇರೆಲ್ಲೂ ನೋಡಿಲ್ಲ. ಅವನ ಕಣ್ಣು ಎದುರಿಗೆ ಕೂತಿರೋ ಹುಡುಗಿಯ ಮೇಲಿದ್ದರೂ ಮನಸ್ಸು ಬಿಲ್ಲಿನ ಮೇಲೆ. ದೇಶಪ್ರೇಮ, ಸಂಸ್ಕೃತಿ, ಅಮ್ಮನ ಕೈ ರುಚಿ, ಇದ್ಯಾವುದೂ ಆ ಟೇಬಲ್ ಹತ್ತಿರಕ್ಕೂ ಬರಲ್ಲ.

ಈಗ ನಮ್ಮ ಕಡೆ ಬನ್ನಿ. ಕನ್ನಡದಲ್ಲಿ ಅಮೆರಿಕ ಅಂದರೆ ಮೊದಲು ನೆನಪಾಗೋದು ಗೊರೂರು ರಾಮಸ್ವಾಮಿ ಅಯ್ಯಂಗಾರ್ ಅವರ ‘ಅಮೆರಿಕದಲ್ಲಿ ಗೊರೂರು’. 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಪ್ರವಾಸ ಕಥನ. ಹಾಸ್ಯ, ಕುತೂಹಲ ಎಲ್ಲ ಇದೆ, ಆದರೆ ಗೊರೂರು ಅಲ್ಲಿ ಅತಿಥಿ. ಅತಿಥಿಗೆ ಬಾಡಿಗೆ ಚಿಂತೆ ಇರಲ್ಲ.

ಆಮೇಲೆ ಸುಧಾ ಮೂರ್ತಿಯವರ ‘ಡಾಲರ್ ಸೊಸೆ’. ಇದನ್ನು ಸೀರಿಯಲ್ ಕಥೆ ಅಂತ ಮೂಗು ಮುರಿಯೋರು ಇದ್ದಾರೆ, ನಾನು ಮುರಿಯಲ್ಲ. ಡಾಲರ್ ಒಂದು ಮಧ್ಯಮ ವರ್ಗದ ಮನೆಯೊಳಗೆ ಬಂದು ಅತ್ತೆ ಸೊಸೆಯರ ನಡುವೆ ಕೂತರೆ ಏನಾಗುತ್ತೆ ಅನ್ನೋದನ್ನು ಆ ಪುಸ್ತಕ ಚೆನ್ನಾಗಿ ಬಲ್ಲದು. ಗೌರಮ್ಮ ಒಬ್ಬ ಸೊಸೆಯ ಡಾಲರನ್ನೂ ಇನ್ನೊಬ್ಬಳ ರೂಪಾಯಿಯನ್ನೂ ತೂಗಿ ನೋಡೋದು ನಮ್ಮೆಲ್ಲರ ಮನೆಯಲ್ಲೂ ನಡೆದಿದೆ. ಅಂದರೆ ಇಲ್ಲೂ ದುಡ್ಡಿನ ಲೆಕ್ಕ ಇದೆ, ಆದರೆ ಅದು ಬೆಂಗಳೂರಿಗೆ ಬಂದು ತಲುಪಿದ ದುಡ್ಡಿನ ಲೆಕ್ಕ. ಸಂಪಾದನೆ ಶುರುವಾಗೋಕೆ ಮುಂಚೆ ಕರಗುವ ದುಡ್ಡಿನ ಮಾತೇ ಅಲ್ಲಿ ಬರಲ್ಲ.

ನಾಗತಿಹಳ್ಳಿ ಚಂದ್ರಶೇಖರ್ ಅವರ ‘ಅಮೆರಿಕ ಅಮೆರಿಕ’ ತೊಂಬತ್ತರ ದಶಕದಲ್ಲಿ ಒಂದು ತಲೆಮಾರನ್ನೇ ಅಳಿಸಿದ ಸಿನಿಮಾ. ಸೂರ್ಯ, ಶಶಾಂಕ, ಭೂಮಿಕಾ: ಹೆಸರಲ್ಲೇ ಸೂರ್ಯ, ಚಂದ್ರ, ಭೂಮಿ ಇಟ್ಟುಬಿಟ್ಟರೆ ಪಾಪ ಆ ಪಾತ್ರಗಳು ಬಾಡಿಗೆ ಮನೆ ಹುಡುಕೋದು ಯಾವಾಗ? ಮನೋಮೂರ್ತಿ ಸಂಗೀತ ಈಗಲೂ ಕಾರಲ್ಲಿ ಹಾಕ್ಕೊಂಡು ಕೇಳ್ತೀನಿ. ಆದರೆ ಆ ಸಿನಿಮಾ ಹೋಗೋದನ್ನೂ ಉಳಿಯೋದನ್ನೂ ಗುಣದ ಪರೀಕ್ಷೆ ಮಾಡಿಬಿಡುತ್ತೆ. ಮಣ್ಣನ್ನು ಪ್ರೀತಿಸೋನು ಉಳೀತಾನೆ, ಡಾಲರ್ ಪ್ರೀತಿಸೋನು ಹೋಗ್ತಾನೆ. ಆ ಪರೀಕ್ಷೆಯ ಪ್ರಶ್ನೆಪತ್ರಿಕೆ ಇವತ್ತಿಗೂ ನಮ್ಮ ಮನೆಗಳಲ್ಲಿ ಓಡಾಡ್ತಿದೆ.

ಇದಕ್ಕೆ ಕಾರಣ ಬರೆದವರ ದೌರ್ಬಲ್ಯ ಅಲ್ಲ. ಆಗ ಬೆಂಗಳೂರಿನಿಂದ ಹೋಗ್ತಿದ್ದ ಡಾಕ್ಟರುಗಳು, ಇಂಜಿನಿಯರುಗಳು ಹೆಚ್ಚಾಗಿ ಒಂದು ಸೀಟನ್ನೋ ಒಂದು ಕೆಲಸವನ್ನೋ ಕೈಯಲ್ಲಿ ಹಿಡಿದೇ ವಿಮಾನ ಹತ್ತುತ್ತಿದ್ದರು. ಎಚ್‌1ಬಿ ವೀಸಾಗೆ ಅರ್ಜಿ ಹಾಕೋದು ನೌಕರ ಅಲ್ಲ, ಕಂಪನಿ. ಹೋಗಬೇಕಾ ಅನ್ನೋ ಪ್ರಶ್ನೆಯ ಅರ್ಧ ಉತ್ತರವನ್ನು ಎಚ್‌ಆರ್ ಡಿಪಾರ್ಟ್‌ಮೆಂಟೇ ಕೊಟ್ಟುಬಿಡ್ತಿತ್ತು. ಉಳಿದರ್ಧ ಬರೀ ಭಾವನೆ. ಸಾಹಿತ್ಯಕ್ಕೆ ಸಿಕ್ಕಿದ್ದು ಆ ಅರ್ಧ.

ಈಗ ಬಾಗಿಲು ಬೇರೆ ಥರ ಇದೆ. ಕೆನಡಾದ ಎಕ್ಸ್‌ಪ್ರೆಸ್ ಎಂಟ್ರಿ 2015ರಿಂದ ಇದೆ. ವಯಸ್ಸು, ಓದು, ಇಂಗ್ಲಿಷ್ ಪರೀಕ್ಷೆ, ಅನುಭವ ಎಲ್ಲಕ್ಕೂ ಅಂಕ. 29ರವರೆಗೆ ವಯಸ್ಸಿನ ಅಂಕ ಪೂರ್ತಿ, 30 ಆದಮೇಲೆ ಪ್ರತಿ ಹುಟ್ಟುಹಬ್ಬಕ್ಕೂ ಕನಿಷ್ಠ ಐದಾರು ಅಂಕ ಕಟ್, 45ಕ್ಕೆ ಸೊನ್ನೆ. ಮೊದಲು ಅಲ್ಲಿನ ಆಫರ್ ಲೆಟರ್ ಇದ್ದರೆ ಹೆಚ್ಚುವರಿ ಅಂಕ ಕೊಡ್ತಿದ್ದರು, 2025ರ ಮಾರ್ಚ್‌ನಲ್ಲಿ ಅದನ್ನೂ ತೆಗೆದರು. ಜರ್ಮನಿ 2024ರ ಜೂನ್‌ನಿಂದ ‘ಚಾನ್ಸೆನ್‌ಕಾರ್ಟೆ’ ಅಂತ ಕೊಡ್ತಿದೆ. ಆರು ಅಂಕ ಇದ್ದರೆ ಒಂದು ವರ್ಷ ಅಲ್ಲೇ ಇದ್ದು ಕೆಲಸ ಹುಡುಕಬಹುದು, ವಾರಕ್ಕೆ 20 ಗಂಟೆವರೆಗೆ ಪಾರ್ಟ್ ಟೈಮ್ ಮಾಡಬಹುದು, ಖರ್ಚಿಗೆ ದುಡ್ಡಿದೆ ಅಂತಲೂ ತೋರಿಸಬೇಕು. ಅಂದರೆ ಸರ್ಕಾರಗಳೇ ‘ಕೆಲಸ ಇಲ್ಲದೆ ಬಾ, ಬಂದು ಹುಡುಕು’ ಅಂತಿವೆ. ನಮ್ಮ ಕಥೆಗಳು ಮಾತ್ರ ಇನ್ನೂ ಆಫರ್ ಲೆಟರ್ ಕಾಲದಲ್ಲೇ ನಿಂತಿವೆ.

ಕರಾವಳಿಯವರು ಇದನ್ನು ಓದಿ ನಗಬಹುದು. ವಿಸಿಟ್ ವೀಸಾದಲ್ಲಿ ದುಬೈಗೆ ಹೋಗಿ, ದೇರಾದಲ್ಲಿ ಒಂದು ಬೆಡ್ ಸ್ಪೇಸ್ ಹಿಡಿದು, ವೀಸಾ ಮುಗಿಯೋದರೊಳಗೆ ಕೆಲಸ ಹುಡುಕೋದು ಮಂಗಳೂರು, ಭಟ್ಕಳದ ಕಡೆಯವರಿಗೆ ಎಷ್ಟೋ ವರ್ಷದಿಂದ ಗೊತ್ತಿರೋ ದಾರಿ. ಒಂದು ಕೋಣೆಯಲ್ಲಿ ಆರೇಳು ಮಂಚ, ಕ್ಯಾಲೆಂಡರ್ ಮೇಲೆ ದಿನ ಎಣಿಸೋದು, ಊರಿಗೆ ಫೋನಲ್ಲಿ ‘ಇಂಟರ್‌ವ್ಯೂ ಚೆನ್ನಾಗಾಯ್ತು’ ಅನ್ನೋದು. ಇಂಥ ಕೋಣೆ ಬೆಂಗಳೂರಿನ ಕಣ್ಣಿಂದ ಬರೆದ ನಮ್ಮ ವಲಸೆ ಕಥೆಗಳಿಗೆ ಯಾವತ್ತೂ ಕಂಡಿಲ್ಲ. ಇನ್ನು ಬೆನ್ಯಾಮಿನ್‌ರ ಮಲಯಾಳಂ ಕಾದಂಬರಿ ‘ಆಡುಜೀವಿತಂ’ ಓದಿದವರಿಗೆ (ಅಥವಾ 2024ರಲ್ಲಿ ಬಂದ ಬ್ಲೆಸ್ಸಿಯ ಸಿನಿಮಾ ನೋಡಿದವರಿಗೆ) ಇನ್ನೊಂದು ವಿಷಯ ಗೊತ್ತಿರುತ್ತೆ. ನಜೀಬ್ ಹೊರಟಿದ್ದು ಕೆಲಸ ಇದೆ ಅಂತಲೇ. ವೀಸಾ ಇತ್ತು, ಮಾತು ಕೊಟ್ಟವರಿದ್ದರು. ಕೊನೆಗೆ ಹೋಗಿ ಬಿದ್ದಿದ್ದು ಮರುಭೂಮಿಯ ಆಡಿನ ದೊಡ್ಡಿಯಲ್ಲಿ. ಹಾಗಾಗಿ ‘ಕೆಲಸ ಗ್ಯಾರಂಟಿ ಮಾಡ್ಕೊಂಡು ಹೋಗು’ ಅನ್ನೋ ಬುದ್ಧಿಮಾತು ಕೇಳಿದಾಗೆಲ್ಲ ನನಗೆ ಗ್ಯಾರಂಟಿ ಕೊಡ್ತಿರೋದು ಯಾರು ಅಂತ ಕೇಳೋಣ ಅನಿಸುತ್ತೆ.

ಇಷ್ಟೆಲ್ಲ ಕೊರೆಯೋಕೆ ಒಂದು ಸ್ವಾರ್ಥ ಇದೆ, ಹೇಳಿಬಿಡ್ತೀನಿ. ನಮ್ಮ ಮನೆಯಲ್ಲಿ ಕೆನಡಾ ಪಿಆರ್ ಪೇಪರ್ ಬಂದು ಕೂತಿದೆ. ಅರ್ಜಿಯಲ್ಲಿ ಮುಖ್ಯ ಅಭ್ಯರ್ಥಿ ನಾನು, ಗಂಡ ಡಿಪೆಂಡೆಂಟ್. ಮೆಡಿಕಲ್ ಮಾಡಿಸಿದ ದಿನದಿಂದ ಹೆಚ್ಚು ಕಡಿಮೆ ಒಂದು ವರ್ಷದೊಳಗೆ ಅಲ್ಲಿ ಕಾಲಿಡಬೇಕು. ಇಬ್ಬರಿಗೂ ಇಲ್ಲಿ ಒಳ್ಳೇ ಕೆಲಸ ಇದೆ, ಅಲ್ಲಿ ಒಬ್ಬರಿಗೂ ಇಲ್ಲ. ಅಮ್ಮನ ಪ್ರಶ್ನೆ ‘ಅಮೆರಿಕ ಅಮೆರಿಕ’ದ ಪ್ರಶ್ನೆಯೇ: “ಇಲ್ಲೇನು ಕಮ್ಮಿ ಆಗಿದೆ ನಿಮಗೆ?” ಅತ್ತೆಯದ್ದು ಸ್ವಲ್ಪ ‘ಡಾಲರ್ ಸೊಸೆ’ ಥರ, ಬಾಯಲ್ಲಿ ಬೇಡ ಅಂತಾರೆ, ಪಕ್ಕದ ಮನೆಯವರಿಗೆ ಹೇಳಿ ಆಗಿದೆ. ಅಪ್ಪ ಬ್ಯಾಂಕಿನಲ್ಲಿದ್ದು ರಿಟೈರ್ ಆದವರು. ಎರಡು ದಿನ ಏನೂ ಮಾತಾಡದೆ ಇದ್ದು ಮೂರನೇ ದಿನ ಕಾಫಿ ಹೊತ್ತಲ್ಲಿ ಕೇಳಿದರು: “ಕೂತು ತಿಂದರೆ ಎಷ್ಟು ತಿಂಗಳು ಬರತ್ತಮ್ಮಾ?”

ಇಡೀ ಚರ್ಚೆಯಲ್ಲಿ ಚಾಪ್ಲಿನ್ ಸಿನಿಮಾದೊಳಗಿಂದ ಬಂದ ಪ್ರಶ್ನೆ ಅದೊಂದೇ. ಕೆನಡಾ ಸರ್ಕಾರ ಇಬ್ಬರಿಗೆ ಸುಮಾರು 19 ಸಾವಿರ ಕೆನಡಿಯನ್ ಡಾಲರ್ ಖಾತೆಯಲ್ಲಿ ತೋರಿಸು ಅನ್ನುತ್ತೆ, ನಮ್ಮ ದುಡ್ಡಲ್ಲಿ ಹನ್ನೊಂದು ಹನ್ನೆರಡು ಲಕ್ಷ. ಅದು ತೋರಿಸೋಕೆ. ಖರ್ಚಾಗೋದು ಬೇರೆ ಲೆಕ್ಕ. ಅಡ್ವಾನ್ಸು, ಬಾಡಿಗೆ, ಚಳಿಗಾಲದ ಜಾಕೆಟ್ಟು, ಜೊತೆಗೆ ಇಲ್ಲಿ ನಿಲ್ಲದೆ ಓಡೋ ಹೋಮ್ ಲೋನ್ ಇಎಂಐ. ಫಾರಂನಲ್ಲಿ ತುಂಬಿದ ಜೇಬು ತೋರಿಸಬಹುದು, ತೂತು ಎಷ್ಟು ದೊಡ್ಡದು ಅಂತ ಯಾವ ಫಾರಂ ಕೂಡ ಕೇಳಲ್ಲ.

ರಾಜ್‌ಕುಮಾರ್ ಹಿರಾನಿಯ ‘ಡಂಕಿ’ (2023) ಈ ಲೆಕ್ಕಕ್ಕೆ ಹತ್ತಿರ ಬಂದು ಜಾರಿಹೋದ ಸಿನಿಮಾ. ಪಂಜಾಬಿನ ಒಂದು ಊರು, ಎಲ್ಲರಿಗೂ ಲಂಡನ್ ಹುಚ್ಚು, ಬೊಮನ್ ಇರಾನಿ ನಡೆಸೋ ಇಂಗ್ಲಿಷ್ ಕ್ಲಾಸು. ಅಷ್ಟು ಭಾಗ ನಿಜಕ್ಕೂ ಚೆನ್ನಾಗಿದೆ. ಒಂದು ಭಾಷೆಯ ಪರೀಕ್ಷೆ ಮನುಷ್ಯನ ಬದುಕನ್ನು ಹೇಗೆ ಹಿಡಿದಿಟ್ಟುಕೊಳ್ಳುತ್ತೆ ಅನ್ನೋದನ್ನು ನಗಿಸುತ್ತಲೇ ಹೇಳ್ತಾರೆ, ವಿಕ್ಕಿ ಕೌಶಲ್ ಪಾತ್ರದ ಮೂಲಕ ಆ ನಗುವನ್ನು ಗಂಟಲಲ್ಲೇ ನಿಲ್ಲಿಸ್ತಾರೆ. ಆದರೆ ಲಂಡನ್ ತಲುಪಿದ ಮೇಲೆ ಸಿನಿಮಾಗೆ ಅವಸರ. ಕೋರ್ಟಿನಲ್ಲಿ ಶಾರುಖ್ ಖಾನ್ ತನ್ನ ದೇಶದ ಬಗ್ಗೆ ಸುಳ್ಳು ಹೇಳಲ್ಲ ಅಂತ ನಿಲ್ಲಬೇಕಲ್ಲ! ಅಲ್ಲಿಗೆ ಮತ್ತೆ ಗುಣದ ಪರೀಕ್ಷೆ ಶುರು. ಉಳಿದವರು ಅಲ್ಲಿ ಹೇಗೆ ಬದುಕಿದರು, ಮೊದಲ ಸಂಬಳ ಯಾವಾಗ ಬಂತು, ಅದನ್ನೆಲ್ಲ ಹಾರಿಸಿ 25 ವರ್ಷ ದಾಟಿ, ಊರಿಗೆ ಬರಬೇಕು ಅಂತ ಅಳೋ ಹೊತ್ತಿಗೆ ನಿಲ್ಲುತ್ತೆ.

ಸಿನಿಮಾ, ಕಾದಂಬರಿ ಬಿಟ್ಟ ಈ ಜಾಗಕ್ಕೆ ಈಗ ವ್ಲಾಗ್‌ಗಳು ನುಗ್ಗಿವೆ. ಕನ್ನಡದಲ್ಲೂ ಬೇಕಾದಷ್ಟಿವೆ. ಅವನ್ನು ಸಾಹಿತ್ಯ ಅಂತ ಯಾರೂ ಗಣಿಸಲ್ಲ, ನಾನು ಗಣಿಸ್ತೀನಿ. ಒಂದು ವಿಷಯದಲ್ಲಿ ಅವು ನಮ್ಮ ಕಾದಂಬರಿಗಿಂತ ಮುಂದಿವೆ: ದುಡ್ಡಿನ ಲೆಕ್ಕ ಹೇಳ್ತಾರೆ. ಬೇಸ್‌ಮೆಂಟ್ ಬಾಡಿಗೆ ಎಷ್ಟು, ಸೋನಾ ಮಸೂರಿ ಎಷ್ಟು, ಬಸ್ ಪಾಸ್ ಎಷ್ಟು. ತಕರಾರು ಇರೋದು ಕಾಲದ ಬಗ್ಗೆ. ಮೊದಲ ದಿನದ ವಿಡಿಯೋ ಇರುತ್ತೆ, ಮೊದಲ ಹಿಮದ ವಿಡಿಯೋ ಇರುತ್ತೆ, ಆಮೇಲೆ ಸೀದಾ ‘ನನಗೆ ಹೇಗೆ ಕೆಲಸ ಸಿಕ್ತು’. ನಡುವಿನ ಐದು ತಿಂಗಳಿಗೆ ವಿಡಿಯೋ ಇಲ್ಲ. ಇರೋದು ಹೇಗೆ? ‘ಕೆನಡಿಯನ್ ಎಕ್ಸ್‌ಪೀರಿಯನ್ಸ್ ಇಲ್ಲ’ ಅಂತ ಬಂದ ಮೇಲ್ ಓದಿಕೊಂಡು ಕೂತ ದಿನ ಯಾರು ಕ್ಯಾಮೆರಾ ಆನ್ ಮಾಡ್ತಾರೆ! ಆ ಶರತ್ತು ತಾರತಮ್ಯ ಅಂತ ಒಂಟಾರಿಯೋದ ಮಾನವ ಹಕ್ಕು ಆಯೋಗ 2013ರಲ್ಲೇ ಹೇಳಿತ್ತು. ಮೇಲ್ ಕಳಿಸೋರಿಗೆ ಅದು ಅಡ್ಡ ಬಂದಂಗಿಲ್ಲ. ಹಾಗೆ ಕೆಲಸ ಸಿಗದೆ ವಾಪಸ್ ಬಂದವರ ಚಾನೆಲ್ ಅರ್ಧಕ್ಕೇ ನಿಂತುಹೋಗಿರುತ್ತೆ, ಕೊನೆಯ ವಿಡಿಯೋದಲ್ಲಿ ಇನ್ನೂ ಹಿಮ ಬೀಳ್ತಿರುತ್ತೆ.

ಚಾಪ್ಲಿನ್ ಜೊತೆಗೂ ನನ್ನದೊಂದು ಜಗಳ ಇದೆ. ಅವನ ಚಾರ್ಲಿಗೆ ಕೆಲಸ ಸಿಗೋದು ಹೋಟೆಲಿಗೆ ಬಂದ ಒಬ್ಬ ಚಿತ್ರಕಾರನ ಕಣ್ಣಿಗೆ ಬಿದ್ದಿದ್ದಕ್ಕೆ. ಅವನು ಇಟ್ಟುಹೋದ ಟಿಪ್ಸಿನ ದುಡ್ಡಲ್ಲೇ ಚಾರ್ಲಿ ತನ್ನ ಬಿಲ್ಲು ಚುಕ್ತಾ ಮಾಡ್ತಾನೆ. ಇದನ್ನು ಪ್ಲಾನ್ ಅನ್ನೋಕಾಗಲ್ಲ, ಇದು ಅದೃಷ್ಟ. ಇನ್ನೊಂದು ತಮಾಷೆ ಅಂದರೆ, ಸ್ವತಃ ಚಾಪ್ಲಿನ್ 1910ರಲ್ಲಿ ಮೊದಲ ಸಲ ಅಮೆರಿಕಕ್ಕೆ ಹೋಗಿದ್ದು ಫ್ರೆಡ್ ಕಾರ್ನೋ ನಾಟಕ ಕಂಪನಿಯ ನಟನಾಗಿ, ಅಂದರೆ ಕೆಲಸದ ಮೇಲೆ! ಆದರೂ ಅವನು ಆ ಅದೃಷ್ಟವನ್ನು ಚಾರ್ಲಿಯ ಪ್ರತಿಭೆ ಅಂತ ತೋರಿಸಲ್ಲ. ಕಷ್ಟಪಟ್ಟರೆ ಫಲ ಉಂಟು ಅಂತಲೂ ಹೇಳಲ್ಲ. ಚಿತ್ರಕಾರ ಆ ದಿನ ಬೇರೆ ಹೋಟೆಲಿಗೆ ಹೋಗಿದ್ದರೆ ಹೊಡೆತ ಗ್ಯಾರಂಟಿ ಅನ್ನೋದು ನೋಡೋರಿಗೆ ಗೊತ್ತು. ಕೊನೆಯಲ್ಲಿ ಇಬ್ಬರೂ ಮಳೆಯಲ್ಲಿ ನಿಂತು ಆ ಚಿತ್ರಕಾರನ ಹತ್ತಿರ ಸಂಬಳದ ಅಡ್ವಾನ್ಸ್ ಕೇಳ್ತಾರೆ. ಕೆಲಸ ಇನ್ನೂ ಶುರುವೇ ಆಗಿಲ್ಲ.

ನಾವು ಸದ್ಯಕ್ಕೆ ಮಾಡಿರೋ ಲೆಕ್ಕ ಹೀಗಿದೆ. ಪಿಆರ್ ಉಳಿಸಿಕೊಳ್ಳೋಕೆ ಐದು ವರ್ಷದಲ್ಲಿ 730 ದಿನ ಅಲ್ಲಿದ್ದರೆ ಸಾಕು, ಆ ದಿನಗಳು ಒಟ್ಟಿಗೇ ಇರಬೇಕು ಅಂತ ಇಲ್ಲ. ಡಿಪೆಂಡೆಂಟ್ ಮೊದಲು ಹೋಗೋ ಹಾಗಿಲ್ಲ, ಮುಖ್ಯ ಅಭ್ಯರ್ಥಿ ಹೋಗಬಹುದು. ಹಾಗಾಗಿ ಜನವರಿಯಲ್ಲಿ ನಾನೊಬ್ಬಳೇ ಹೋಗೋದು, ಇವರು ಇಲ್ಲೇ ಕೆಲಸದಲ್ಲಿದ್ದು ಇಎಂಐ ನೋಡಿಕೊಳ್ಳೋದು, ಪೇಪರ್ ಮುಗಿಯೋ ಮೊದಲು ಒಂದು ವಾರ ರಜಾ ಹಾಕಿ ಬಂದು ಕಾಲಿಟ್ಟು ಹೋಗೋದು. ನನ್ನ ಹತ್ತಿರ ಏಳು ತಿಂಗಳ ದುಡ್ಡು. ಅಪ್ಪ ಅದನ್ನು ಎಕ್ಸೆಲ್‌ನಲ್ಲಿ ಹಾಕಿ, ಐದನೇ ತಿಂಗಳ ಕೆಳಗೆ ಒಂದು ಸಾಲು ಕೆಂಪು ಮಾಡಿದ್ದಾರೆ. ಆ ಸಾಲಲ್ಲಿರೋದು ವಾಪಸ್ ಟಿಕೆಟ್ಟಿನ ದುಡ್ಡು, ಅದನ್ನು ಮುಟ್ಟೋ ಹಾಗಿಲ್ಲ ಅಂದಿದ್ದಾರೆ. ಅಮ್ಮ ಇನ್ನೂ ಮಾತಾಡ್ತಿಲ್ಲ.