ಸೂಸಿ ಖಾನಾಪುರಕ್ಕೆ ಬರಲಿಲ್ಲ

'ವಿಟ್' ಸಿನಿಮಾ ನೋಡಿ ಅತ್ತವರೆಲ್ಲ ನೆನಪಿಟ್ಟುಕೊಳ್ಳೋದು ಒಂದು ಐಸ್‌ಕ್ಯಾಂಡಿಯನ್ನ. ಅಂಡಾಶಯದ ಕ್ಯಾನ್ಸರ್ ಆಗಿರುವ ಇಂಗ್ಲಿಷ್ ಪ್ರೊಫೆಸರ್ ವಿವಿಯನ್ ರಾತ್ರಿ ಹೆದರಿ ಅಳುತ್ತಿರುವಾಗ ನರ್ಸ್ ಸೂಸಿ ಐಸ್‌ಕ್ಯಾಂಡಿ ತಂದುಕೊಡುತ್ತಾಳೆ, ಇಬ್ಬರೂ ಅದನ್ನು ಹಂಚಿಕೊಂಡು ತಿನ್ನುತ್ತಾರೆ. ಮೂಲ ಮಾರ್ಗರೆಟ್ ಎಡ್ಸನ್ ಬರೆದ ನಾಟಕ. 1999ರಲ್ಲಿ ಅದಕ್ಕೆ ಪುಲಿಟ್ಜರ್ ಬಂತು. 2001ರಲ್ಲಿ ಮೈಕ್ ನಿಕೋಲ್ಸ್ ಸಿನಿಮಾ ಮಾಡಿದರು. ಎಮಾ ಥಾಂಪ್ಸನ್ ವಿವಿಯನ್, ಆಡ್ರಾ ಮೆಕ್‌ಡೊನಾಲ್ಡ್ ಸೂಸಿ. ಮುಗಿದ ಮೇಲೆ ಅರ್ಧ ತಾಸು ನನಗೆ ಮಾತೇ ಬರಲಿಲ್ಲ.

ಆದರೂ ಈ ಸಿನಿಮಾದ ಮೇಲೆ ನನ್ನದೊಂದು ತಕರಾರಿದೆ. ಅದಕ್ಕೆ ಕಾರಣ ನಮ್ಮ ಚಿಗವ್ವ.

ಕೆಲವು ವರ್ಷಗಳ ಹಿಂದೆ, 46ನೇ ವಯಸ್ಸಿಗೆ, ಚಿಗವ್ವನಿಗೆ ಬೆಳಗಾವಿಯ ಒಂದು ಆಸ್ಪತ್ರೆಯಲ್ಲಿ ಇದೇ ಕ್ಯಾನ್ಸರಿನ ಆಪರೇಷನ್ ಆಯ್ತು. ಗರ್ಭಕೋಶ, ಎರಡೂ ಅಂಡಾಶಯ ತೆಗೆದರು. ಆಪರೇಷನ್ ಚೆನ್ನಾಗಿಯೇ ಆಯ್ತು. ವಾರ್ಡಿನ ಸಿಸ್ಟರ್‌ಗಳು ಬಂಗಾರದಂಥವರು. ಎಂಟನೇ ದಿನ ಮನೆಗೆ ಕಳಿಸಿದರು. ಖಾನಾಪುರಕ್ಕೆ ಸುಮಾರು 25 ಕಿಲೋಮೀಟರ್, ಅಲ್ಲಿಂದ ಆಚೆ ನಮ್ಮೂರು. ಕೈಯಲ್ಲಿ ಇಂಗ್ಲಿಷಿನ ಡಿಸ್ಚಾರ್ಜ್ ಸಮ್ಮರಿ. ರಕ್ತ ಹೆಪ್ಪುಗಟ್ಟದ ಹಾಗೆ 28 ದಿನ ಹೊಟ್ಟೆಯ ಚರ್ಮಕ್ಕೆ ಚುಚ್ಚಬೇಕಾದ ಇಂಜೆಕ್ಷನ್. ಬೆಂಗಳೂರಿಂದ ವರ್ಕ್ ಫ್ರಮ್ ಹೋಮ್ ತಗೊಂಡು ಬಂದ ನಾನು ಯೂಟ್ಯೂಬ್ ನೋಡಿ ಚುಚ್ಚೋದು ಕಲಿತೆ.

ಮನೆ ತುಂಬ ಜನ. ಗಂಜಿ ಕಾಸಲು ಒಬ್ಬರು, ಕಾಲು ಒತ್ತಲು ಇಬ್ಬರು. ಆದರೆ ಚಿಗವ್ವ ರಾತ್ರಿ ಮೈಯೆಲ್ಲ ಬೆಂಕಿ ಅಂತ ಬೆವೆತು ಎದ್ದು ಕೂರುತ್ತಿದ್ದಳು. ಅಂಡಾಶಯ ತೆಗೆದರೆ ಮುಟ್ಟು ನಿಲ್ಲುವ ಕಾಲ ಒಮ್ಮೆಲೇ ಬಂದುಬಿಡುತ್ತದೆ, ಈ ಉರಿ ಅದರದ್ದೇ ಅಂತ ನಮಗೆ ಯಾರೂ ಹೇಳಿರಲಿಲ್ಲ. "ಔಷಧದ ಉಷ್ಣಾ ಅದು, ಗಾಬರ್ಯಾಗಬ್ಯಾಡ" ಅಂದರು ಓಣಿಯವರು. ಅವಳೂ ನಂಬಿದಳು.

ಮೊದಲ ಕೀಮೋ ಆದ ಹತ್ತನೇ ದಿನ ಸಂಜೆ ಮತ್ತೆ ಮೈ ಸುಟ್ಟಿತು. "ಮತ್ತ ಅದ ಉಷ್ಣಾ, ಬಿಡೋ ತಮ್ಮಾ" ಅಂದು ಮುಸುಕು ಹಾಕಿ ಮಲಗಿದಳು. ನಡುರಾತ್ರಿ ಥರ್ಮಾಮೀಟರ್ ಇಟ್ಟರೆ 102. ಪ್ಯಾರಾಸಿಟಮಾಲ್ ಕೊಟ್ಟು ಬೆಳಗಾಗಲಿ ಅಂತ ಕೂತೆವು. ಕೀಮೋ ನಂತರ ಬಿಳಿ ರಕ್ತಕಣ ಕುಸಿದಿರುತ್ತವೆ, 100.4 ಡಿಗ್ರಿ ದಾಟಿದರೆ ಆ ಕ್ಷಣವೇ ಆಸ್ಪತ್ರೆಗೆ ಹೊರಡಬೇಕು. ಸಮ್ಮರಿಯ ಮೂರನೇ ಪುಟದಲ್ಲಿ ಒಂದು ಸಾಲು ಇತ್ತು. ನಾನೂ ಓದಿದ್ದೆ, ಸಾಮಾನ್ಯ ಸೂಚನೆ ಅಂದುಕೊಂಡು ಬಿಟ್ಟಿದ್ದೆ. ಐದು ದಿನ ಡ್ರಿಪ್‌ನಲ್ಲಿ ಆಂಟಿಬಯೋಟಿಕ್ ಹೋಯ್ತು. ಉಳಿದಳು.

ವಿವಿಯನ್‌ಗೂ ಇದೇ ಜ್ವರ ಬರುತ್ತದೆ. ಸೂಸಿ ತಕ್ಷಣ ಅಪಾಯ ಗುರುತಿಸುತ್ತಾಳೆ, ಮುಂದಿನ ಡೋಸ್ ಕಡಿಮೆ ಮಾಡಬೇಕು ಅಂತ ಯುವ ಡಾಕ್ಟರ್ ಜೇಸನ್‌ಗೆ ಹೇಳುತ್ತಾಳೆ. ಅವನು ಒಪ್ಪೋದಿಲ್ಲ. ನನ್ನ ಪ್ರಕಾರ ಸಿನಿಮಾದ ಅತಿ ಮುಖ್ಯ ದೃಶ್ಯ ಇದು. ಆದರೆ ಕಥೆ ಇಲ್ಲಿ ನಿಲ್ಲದೆ ಮುಂದೆ ಓಡುತ್ತದೆ. ಆಮೇಲೆ ಕ್ಲಿಷ್ಟ ಇಂಗ್ಲಿಷ್ ಪದವೊಂದು ಸೂಸಿಗೆ ಗೊತ್ತಿಲ್ಲ ಅಂತ ಒಂದು ತಮಾಷೆ ಬೇರೆ. ಜಾಣರಿಗೆ ಕರುಣೆಯಿಲ್ಲ, ಕರುಣೆ ಇರುವವಳು ಅಷ್ಟೇನೂ ಜಾಣೆಯಲ್ಲ: ಸಿನಿಮಾ ಎಳೆಯುವ ಗೆರೆ ಇದು. ಈ ಗೆರೆ ತಪ್ಪು. ವಿವಿಯನ್‌ಗೆ ನೋಡಲು ಬರುವವರು ಇಲ್ಲವೆನ್ನುವಷ್ಟು ಕಡಿಮೆ, ಹಾಗಾಗಿ ಕರುಣೆಯೇ ದೊಡ್ಡದಾಗಿ ಕಾಣುತ್ತದೆ. ನಮ್ಮಲ್ಲಿ ಕರುಣೆಗೆ ಬರ ಇರಲಿಲ್ಲ. ಇರದೇ ಹೋದದ್ದು ಸೂಸಿಯ ತಿಳಿವಳಿಕೆ.

ಬ್ರಿಟನ್ನಿನಲ್ಲಿ ಕ್ಯಾನ್ಸರ್ ರೋಗಿಗೆ ತನ್ನದೇ ಸ್ಪೆಷಲಿಸ್ಟ್ ನರ್ಸ್‌ನ ಹೆಸರು, ಫೋನ್ ನಂಬರು ಕೊಡುವ ರೂಢಿಯಿದೆ. ನಮ್ಮಲ್ಲೂ ಭಾರತೀಯ ನರ್ಸಿಂಗ್ ಪರಿಷತ್ತಿನ ಒಂದು ವರ್ಷದ ಆಂಕಾಲಜಿ ನರ್ಸಿಂಗ್ ಡಿಪ್ಲೊಮಾ ಇದೆ. 2025ರ ಜನವರಿಯಲ್ಲಿ ರಾಷ್ಟ್ರಪತಿ ದ್ರೌಪದಿ ಮುರ್ಮು ಬೆಳಗಾವಿಯಲ್ಲಿ ಕೆಎಲ್‌ಇ ಕ್ಯಾನ್ಸರ್ ಆಸ್ಪತ್ರೆ ಉದ್ಘಾಟಿಸಿದರು. ನಮ್ಮ ಕಥೆ ಅದಕ್ಕಿಂತ ಮೊದಲಿನದು, ಬೇರೆ ಆಸ್ಪತ್ರೆಯದು. ಹಾಸಿಗೆ ಊರಿಗೆ ಹತ್ತಿರ ಬಂದದ್ದು ಖುಷಿಯೇ. ನನ್ನ ಪ್ರಶ್ನೆ ಹಾಸಿಗೆ ಬಿಟ್ಟು ಬಂದ ಮೇಲಿನದು. ನಮ್ಮ ಆಫೀಸಿನಲ್ಲಿ ನಡುರಾತ್ರಿ ಸರ್ವರ್ ಬಿದ್ದರೆ ಎದ್ದು ನೋಡಲು ಆನ್‌ಕಾಲ್ ಅಂತ ಒಬ್ಬರಿರುತ್ತಾರೆ. ಹೊಟ್ಟೆ ಕೊಯ್ಸಿಕೊಂಡು ಹಳ್ಳಿಗೆ ಹೋದ ಹೆಣ್ಣುಮಗಳಿಗೆ, ಕನ್ನಡವೋ ಮರಾಠಿಯೋ ಮಾತಾಡುವ, ಕಲಿತ ನರ್ಸ್ ಒಬ್ಬಳು ಫೋನಿನಲ್ಲಾದರೂ ಸಿಗಬೇಕಲ್ಲವೇ?

'ವಿಟ್' ತಪ್ಪದೇ ನೋಡಿ. ಐಸ್‌ಕ್ಯಾಂಡಿಗೆ ಅಳೋದಾದರೆ ಅಳಿ. ಆದರೆ ಸೂಸಿ ಡೋಸ್ ಕಡಿಮೆ ಮಾಡಿ ಅನ್ನುವ ದೃಶ್ಯವನ್ನು ಇನ್ನೊಮ್ಮೆ ಹಿಂದಕ್ಕೆ ಹಾಕಿ ನೋಡಿ. ಆ ರಾತ್ರಿ ನಮಗೆ ಬೇಕಾಗಿದ್ದವಳು ಆ ಸೂಸಿ.