1951ರಲ್ಲಿ ಜೆಪಿ ನಗರ ಎಲ್ಲಿತ್ತು?

ನನ್ನ ಸಹೋದ್ಯೋಗಿಯೊಬ್ಬ ಒಂದು ಫುಟ್‌ಬಾಲ್ ಲೀಗ್ ಬರೆದಿದ್ದಾನೆ. 'ಬರೆದಿದ್ದಾನೆ' ಅನ್ನೋದೇ ಸರಿ, ಯಾಕಂದ್ರೆ ಆ ಲೀಗ್ ಯಾವ ಮೈದಾನದಲ್ಲೂ ಇಲ್ಲ, ಒಂದು ಸ್ಪ್ರೆಡ್‌ಶೀಟಿನಲ್ಲಿದೆ. ಹದಿನಾಲ್ಕು ಶೀಟು, ಹನ್ನೆರಡು ಕ್ಲಬ್ಬು. ಶುರು 1951ರಲ್ಲಿ. ಅಲ್ಲಿಂದ ಇಲ್ಲಿಯವರೆಗೆ ಪ್ರತಿ ವರ್ಷ ಗೆದ್ದವರ್ಯಾರು, ಕೆಳಗಿನ ಡಿವಿಜನ್ನಿಗೆ ಇಳಿದವರ್ಯಾರು, ಯಾವ ಕೋಚ್ ಯಾರ ಜೊತೆ ಜಗಳ ಆಡಿ ಬಿಟ್ಟುಹೋದ, ಎಲ್ಲ ಇದೆ. ಜಯನಗರ ಅಥ್ಲೆಟಿಕ್, ಬನಶಂಕರಿ ಯುನೈಟೆಡ್, ಜೆಪಿ ನಗರ ರೋವರ್ಸ್, ಬಿಟಿಎಂ ಸಿಟಿ. ಎಲ್ಲವೂ ನಾವು ದಿನಾ ಟ್ರಾಫಿಕ್ಕನ್ನ ಬೈಕೊಂಡು ದಾಟೋ ಜಾಗಗಳು. ಟೀಮಿನ ವಾಟ್ಸಾಪ್ ಗ್ರೂಪಿಗೆ ಲಿಂಕ್ ಹಾಕಿ "ರಿವ್ಯೂ ಮಾಡ್ರೋ" ಅಂದ. ಕೋಡ್ ಆಗಿದ್ರೆ ಎರಡು ಕಾಮೆಂಟ್ ಹಾಕಿ ಅಪ್ರೂವ್ ಮಾಡಬಹುದಿತ್ತು. ಇದು ಕತೆ. ಕತೆಯನ್ನ ಕತೆ ಥರಾನೇ ಓದಬೇಕು. ಹಾಗೆ ಓದಿದ್ದರ ವರದಿ ಇದು, ಅವನ ಒಪ್ಪಿಗೆ ಪಡೆದೇ ಬರೀತಿದ್ದೀನಿ.

ಮೊದಲು ಮೆಚ್ಚುಗೆ. ಇಂಥ ಲೀಗ್‌ಗಳನ್ನ ಕಟ್ಟೋರು ಸಾಮಾನ್ಯವಾಗಿ ಮಾಡೋ ದೊಡ್ಡ ತಪ್ಪು ಅಂದ್ರೆ ತಮ್ಮ ತಂಡವನ್ನೇ ಗೆಲ್ಲಿಸೋದು. ಫುಟ್‌ಬಾಲ್ ಮ್ಯಾನೇಜರ್ ಆಡಿದವರಿಗೆಲ್ಲ ಈ ಚಟ ಗೊತ್ತು. ಫೈನಲ್‌ನಲ್ಲಿ ಸೋತರೆ ಆಟದಿಂದ ಹೊರಗೆ ಬಂದು, ಹಳೇ ಸೇವ್ ಫೈಲ್ ತೆಗೆದು, ಮತ್ತೆ ಆಡೋದು. ಇಪ್ಪತ್ತು ಸೀಸನ್ ಆದ್ಮೇಲೆ ನೋಡಿದ್ರೆ ಕಪಾಟು ತುಂಬಾ ಕಪ್ಪು, ಆದ್ರೆ ಹೇಳೋಕೆ ಒಂದು ಕತೆ ಇರಲ್ಲ. ಈ ನಮ್ಮ ಲೇಖಕ ಹಾಗೆ ಮಾಡಿಲ್ಲ. ಫಲಿತಾಂಶಗಳನ್ನ ರ‍್ಯಾಂಡಮ್ ಫಂಕ್ಷನ್ನಿಗೆ ಬಿಟ್ಟು, ಒಮ್ಮೆ ಬಂದ ಸಂಖ್ಯೆಯನ್ನ ಹಾಗೇ ಪೇಸ್ಟ್ ಮಾಡಿ ಬೀಗ ಹಾಕಿದ್ದಾನೆ. ಅವನಿರೋದು ಬನಶಂಕರಿ ಎರಡನೇ ಹಂತದಲ್ಲಿ, ಅವನ ಬನಶಂಕರಿ ಯುನೈಟೆಡ್ ಗೆದ್ದಿರೋದು ಒಂದೇ ಸಲ. ಇಡೀ ಫೈಲಿನಲ್ಲಿ ನನಗೆ ತುಂಬಾ ಹಿಡಿಸಿದ ಸಾಲು ಬಿಟಿಎಂ ಸಿಟಿಯ ಒಬ್ಬ ಗೋಲ್‌ಕೀಪರನದು. 1953ರಿಂದ 1971ರವರೆಗೆ ಹತ್ತೊಂಬತ್ತು ಸೀಸನ್ ಆಡಿದಾನೆ. ಒಂದು ಕಪ್ಪೂ ಇಲ್ಲ, ಎರಡು ಸಲ ರೆಲಿಗೇಷನ್. ಅದನ್ನ ಓದಿದಾಗ ಈ ಲೀಗ್ ಇದ್ದಿರಬಹುದು ಅಂತ ಒಂದು ಕ್ಷಣ ಅನ್ನಿಸ್ತು.

ಈ ಶಿಸ್ತು ಸಣ್ಣದಲ್ಲ. ಅಮೆರಿಕದ ರಾಬರ್ಟ್ ಕೂವರ್ 1968ರಲ್ಲಿ ಬರೆದ 'ದಿ ಯೂನಿವರ್ಸಲ್ ಬೇಸ್‌ಬಾಲ್ ಅಸೋಸಿಯೇಷನ್' ಅನ್ನೋ ಕಾದಂಬರಿ ಇದರ ಬಗ್ಗೇನೇ ಇದೆ. ಹೆನ್ರಿ ವಾ ಅನ್ನೋ ಒಬ್ಬ ಒಂಟಿ ಅಕೌಂಟೆಂಟ್ ರಾತ್ರಿ ಅಡುಗೆಮನೆ ಮೇಜಿನ ಮೇಲೆ ಮೂರು ದಾಳ ಉರುಳಿಸ್ತಾ ಇಡೀ ಬೇಸ್‌ಬಾಲ್ ಲೀಗ್ ನಡೆಸ್ತಾನೆ. ಅವನು ಜೀವ ಇಟ್ಟುಕೊಂಡ ಹುಡುಗ ಆಟಗಾರನೊಬ್ಬ ದಾಳದ ಲೆಕ್ಕದಲ್ಲೇ, ಚೆಂಡು ತಲೆಗೆ ಬಡಿದು ಸಾಯ್ತಾನೆ. ದುಃಖ ತಡೀಲಾರದೆ ಹೆನ್ರಿ ಕೊನೆಗೆ ದಾಳವನ್ನ ಕೈಯಾರೆ ತಿರುಗಿಸಿಟ್ಟು ಆ ಚೆಂಡೆಸೆದವನನ್ನ ಕೊಲ್ಲಿಸ್ತಾನೆ. ಅಲ್ಲಿಂದಾಚೆ ಆ ಲೋಕ ಮೊದಲಿನ ಥರ ಇರಲ್ಲ. ದೇವರಾದವನು ಒಂದು ಸಲ ಮೋಸ ಮಾಡಿದ್ರೆ ಸಾಕು. ನಮ್ಮ ಬನಶಂಕರಿ ದೇವರು ಆ ಮೋಸ ಮಾಡಿಲ್ಲ. ಅಷ್ಟರ ಮಟ್ಟಿಗೆ ಫುಲ್ ಮಾರ್ಕ್ಸ್.

ತಕರಾರಿರೋದು ದಾಳ ಉರುಳೋಕೆ ಮುಂಚಿನ ಕೆಲಸದ ಬಗ್ಗೆ.

ನಾನು ಸಾಗರದ ಕಡೆಯವನು. ನಮ್ಮೂರಲ್ಲಿ ಆಟ ಅಂದ್ರೆ ಹೊನಲು ಬೆಳಕಿನ ವಾಲಿಬಾಲ್, ಕೂಟ ಅಂದ್ರೆ ತಾಳಮದ್ದಳೆ. ನೋಡದೇ ಇರೋರಿಗೆ ಒಂದು ಮಾತು: ತಾಳಮದ್ದಳೆಯಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ ಹೇಳ್ತಾರೆ, ಅರ್ಥಧಾರಿಗಳು ಕೂತಲ್ಲೇ ಮಾತು ಹೊಸೀತಾರೆ. ಮಾತು ಪೂರ್ತಿ ಆಶುವಾದದ್ದು. ಕರ್ಣನ ಅರ್ಥ ಹೇಳೋನು ಕೃಷ್ಣನನ್ನ ವಾದದಲ್ಲಿ ಬೆವರಿಳಿಸಬಹುದು, ಇಡೀ ಸಭೆಯನ್ನ ತನ್ನ ಕಡೆ ಎಳ್ಕೋಬಹುದು. ಆದ್ರೆ ಅಷ್ಟು ಸ್ವಾತಂತ್ರ್ಯ ಸಿಗೋದು ಪ್ರಸಂಗವನ್ನ ಅರೆದು ಕುಡಿದವನಿಗೆ ಮಾತ್ರ. ಕತೆ ಎಲ್ಲಿ ತಿರುಗುತ್ತೆ, ಯಾವ ಮಾತಿಗೆ ಯಾವ ಋಣ ಇದೆ ಅಂತ ಗೊತ್ತಿಲ್ಲದೆ ಅರ್ಥ ಹೇಳೋಕೆ ಕೂತ್ರೆ ಅಜ್ಜಂದಿರು ಎದ್ದು ಕಾಫಿಗೆ ಹೋಗ್ತಾರೆ. ಪರ್ಯಾಯ ಇತಿಹಾಸಕ್ಕೂ ಇದೇ ನಿಯಮ. 'ಹೀಗಾಗಿದ್ದಿದ್ರೆ' ಅನ್ನೋಕೆ ಮುಂಚೆ 'ಹೇಗಾಗಿತ್ತು' ಗೊತ್ತಿರಬೇಕು.

ಈ ಲೀಗಿನ ಇತಿಹಾಸ ತಿರುಗೋದು 1950ರಲ್ಲಿ. ಭಾರತ ಬ್ರೆಜಿಲ್ ವಿಶ್ವಕಪ್‌ಗೆ ಹೋಗತ್ತೆ, ಇಟಲಿ ಜೊತೆ ಡ್ರಾ ಮಾಡಿಕೊಳ್ಳತ್ತೆ, ಆ ಹುಮ್ಮಸ್ಸಿನಲ್ಲಿ ಮರುವರ್ಷ ನಮ್ಮ ಲೀಗ್ ಹುಟ್ಟತ್ತೆ. ಭಾರತ ಇದ್ದ ಗುಂಪಿನಲ್ಲಿ ಇಟಲಿ, ಸ್ವೀಡನ್, ಪೆರುಗ್ವೆ ಇದ್ದದ್ದು ನಿಜ. ಆದ್ರೆ 'ಬರಿಗಾಲಲ್ಲಿ ಆಡೋಕೆ ಬಿಡ್ಲಿಲ್ಲ, ಅದಕ್ಕೇ ಹೋಗ್ಲಿಲ್ಲ' ಅನ್ನೋ ದಂತಕತೆಯನ್ನೇ ಇವನು ಅಡಿಪಾಯ ಮಾಡ್ಕೊಂಡಿದ್ದಾನೆ, ಆಟಗಾರರಿಗೆ ಬೂಟು ಹಾಕಿಸಿ ಹಡಗು ಹತ್ತಿಸಿದ್ದಾನೆ. ನಮ್ಮ ಫೆಡರೇಷನ್ನಿಗೆ ಆಗ ಒಲಿಂಪಿಕ್ಸೇ ದೊಡ್ಡದು, ವಿಶ್ವಕಪ್ ಅಷ್ಟು ಮುಖ್ಯ ಅನ್ನಿಸಿರಲೇ ಇಲ್ಲ. ಬೂಟಿನಿಂದ ಸರಿಹೋಗೋ ಸಮಸ್ಯೆ ಅದಾಗಿರಲಿಲ್ಲ. ಇರ್ಲಿ, ಹೋದರು ಅಂತಲೇ ಇಟ್ಕೊಳ್ಳೋಣ. ಬ್ರೆಜಿಲ್‌ನಲ್ಲಿ ಒಂದು ಡ್ರಾ ಆದ್ರೆ ಬೆಂಗಳೂರಿನ ದಕ್ಷಿಣಕ್ಕೆ ಹನ್ನೆರಡು ಕ್ಲಬ್ ಯಾಕೆ ಹುಟ್ಟಬೇಕು? ಮೈದಾನ ಯಾರದು? ಸಂಬಳ ಯಾರು ಕೊಡ್ತಾರೆ?

ಮೈದಾನದ ಪ್ರಶ್ನೆ ಬಂದ ಕೂಡಲೇ ಹೆಸರುಗಳು ಕಾಲಿಗೆ ತೊಡರ್ತವೆ. 1951ರಲ್ಲಿ ಜೆಪಿ ನಗರ ರೋವರ್ಸ್ ಅಂತೆ! ಆಗ ಜಯಪ್ರಕಾಶ ನಾರಾಯಣರಿಗೇ ಇನ್ನೂ ಐವತ್ತಾಗಿರಲಿಲ್ಲ, ಅವರ ಹೆಸರಿನ ಬಡಾವಣೆ ಎಲ್ಲಿಂದ ಬರ್ಬೇಕು? ಅಲ್ಲಿದ್ದದ್ದು ಸಾರಕ್ಕಿ, ಪುಟ್ಟೇನಹಳ್ಳಿ. ಬಿಟಿಎಂ ಅನ್ನೋದು ಬೈರಸಂದ್ರ, ತಾವರೆಕೆರೆ, ಮಡಿವಾಳ ಅನ್ನೋ ಮೂರು ಊರಿನ ಮೊದಲ ಅಕ್ಷರ. ನಾವು ಪಿಜಿ ಹುಡುಕ್ಕೊಂಡು ಬಂದಾಗ ಉಳಿದಿದ್ದದ್ದು ಅಕ್ಷರ ಮಾತ್ರ. 1951ರಲ್ಲಿ ಅಲ್ಲಿ ತಂಡ ಇದ್ದಿದ್ರೆ ಅದು ತಾವರೆಕೆರೆ ತಂಡ. ಆಡ್ತಿದ್ದದ್ದು ಗದ್ದೆ ಕೊಯ್ಲಾದ ಮೇಲೆ, ಇಲ್ಲಾ ಬೇಸಿಗೆಯಲ್ಲಿ ಒಣಗಿದ ಕೆರೆಯಂಗಳದಲ್ಲಿ. ಬೆಂಗಳೂರಿನ ಆಟಕ್ಕೂ ಕೆರೆಗೂ ಹಳೇ ಲೆಕ್ಕ ಇದೆ: ಬೆಂಗಳೂರು ಎಫ್‌ಸಿ ಆಡೋ ಕಂಠೀರವ ಸ್ಟೇಡಿಯಂ ಇರೋದು ಸಂಪಂಗಿ ಕೆರೆ ಇದ್ದ ಜಾಗದಲ್ಲಿ, ಹಾಕಿ ಸ್ಟೇಡಿಯಂ ಅಕ್ಕಿತಿಮ್ಮನಹಳ್ಳಿ ಕೆರೆ ಇದ್ದ ಜಾಗದಲ್ಲಿ. ಊರುಗಳನ್ನ ನುಂಗಿದ ಬಡಾವಣೆಗೆ ಎಪ್ಪತ್ತೈದು ವರ್ಷದ ಹಳೇ ಕಾಲವನ್ನೂ ಕೊಟ್ಟುಬಿಟ್ರೆ ಆ ಊರುಗಳನ್ನ ಎರಡನೇ ಸಲ ನುಂಗಿದ ಹಾಗೆ.

ಇನ್ನು ಆಟಗಾರರು. 1958ರ ಟಾಪ್ ಸ್ಕೋರರ್ ಹೆಸರು ಸುಹಾಸ್. 1958ರಲ್ಲಿ ಬೈರಸಂದ್ರದಲ್ಲಿ ಸುಹಾಸ್ ಅಂತ ಯಾರಿದ್ರು ಮಾರಾಯ? ನಿಜವಾದ ಬೆಂಗಳೂರಿನಿಂದ 1956ರ ಮೆಲ್ಬರ್ನ್ ಒಲಿಂಪಿಕ್ಸಿಗೆ ಹೋದ, ನಾಲ್ಕನೇ ಸ್ಥಾನ ಪಡೆದ ತಂಡದಲ್ಲಿದ್ದವರ ಹೆಸರು ಕೆಂಪಯ್ಯ. ಹೆಸರುಗಳನ್ನ ಎಲ್ಲಿಂದ ತಂದೆ ಅಂತ ಕೇಳಿದ್ರೆ ಆಫೀಸಿನ ಡೈರೆಕ್ಟರಿಯಿಂದ ಅಂದ. ತಮಾಷೆ ಅನ್ಸುತ್ತೆ, ಆದ್ರೆ ಪರಿಣಾಮ ನೋಡಿ. ಎಪ್ಪತ್ತೈದು ವರ್ಷದ ಟಾಪ್ ಸ್ಕೋರರ್ ಪಟ್ಟಿಯಲ್ಲಿ ಒಬ್ಬ ಮುಸ್ಲಿಂ ಇಲ್ಲ, ಒಬ್ಬ ತಮಿಳ ಇಲ್ಲ, ಒಬ್ಬ ಆಂಥೋನಿ ಇಲ್ಲ. ಬೇಕಂತ ಬಿಟ್ಟದ್ದಲ್ಲ. ನಮ್ಮ ಫ್ಲೋರಿನಲ್ಲಿ ಯಾರಿಲ್ವೋ ಅವರು ಅವನ ಇತಿಹಾಸದಲ್ಲೂ ಇಲ್ಲ, ಅಷ್ಟೇ.

ನಿಜವಾದ ಪ್ರಸಂಗ ಏನು ಹೇಳುತ್ತೆ? 1891ರಲ್ಲಿ ಶುರುವಾದ ರೋವರ್ಸ್ ಕಪ್ಪನ್ನ ಗೆದ್ದ ಮೊದಲ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್, 1937ರಲ್ಲಿ. 1938ರಲ್ಲಿ ಮತ್ತೆ ಗೆದ್ದರು, 1948ರಲ್ಲಿ ಇನ್ನೊಮ್ಮೆ. ಈ ಊರಿನ ಫುಟ್‌ಬಾಲ್ ಬೆಳೆದದ್ದು ಆಸ್ಟಿನ್ ಟೌನ್, ಗೌತಮಪುರ, ಶಿವಾಜಿನಗರದ ಗಲ್ಲಿಗಳಲ್ಲಿ. ಮೈಸೂರು ಹೆಸರಿನಲ್ಲಿ ನಾಲ್ಕು ಸಲ ಸಂತೋಷ್ ಟ್ರೋಫಿ ಬಂದದ್ದೂ ಆ ಮಣ್ಣಿನ ಬಲದಿಂದಲೇ. ಕೊನೇದು 1969ರ ಹೊತ್ತಿಗೆ. ಆಮೇಲೆ ಮತ್ತೆ ಗೆಲ್ಲೋಕೆ 2023ರ ಮಾರ್ಚ್ ಬೇಕಾಯ್ತು, ಅದೂ ರಿಯಾದ್‌ನಲ್ಲಿ, ಮೇಘಾಲಯದ ಮೇಲೆ 3-2. ಐವತ್ನಾಲ್ಕು ವರ್ಷದ ಆ ಅಂತರ ಯಾಕಾಯ್ತು ಅನ್ನೋದಕ್ಕಿಂತ ಒಳ್ಳೇ ಪರ್ಯಾಯ ಇತಿಹಾಸದ ಪ್ರಶ್ನೆ ನಮಗೆ ಎಲ್ಲಿ ಸಿಗುತ್ತೆ?

ನನ್ನ ಪ್ರಕಾರ ಕತೆ ತಿರುಗಬೇಕಾದ್ದು 1948-49ರಲ್ಲಿ. ಆ ಎರಡು ವರ್ಷದಲ್ಲಿ ಏನೇನಾಯ್ತು ನೋಡಿ. 1948ರಲ್ಲಿ ಲಂಡನ್ ಒಲಿಂಪಿಕ್ಸ್: ಭಾರತ ಎರಡು ಪೆನಾಲ್ಟಿ ಕಳ್ಕೊಂಡು ಫ್ರಾನ್ಸ್‌ಗೆ 1-2ರಲ್ಲಿ ಸೋಲುತ್ತೆ, ನಮ್ಮ ಆ ಒಂದು ಗೋಲು ಮೈಸೂರಿನ ಸಾರಂಗಪಾಣಿ ರಾಮನ್ ಹೊಡೆದದ್ದು. ಅದೇ ವರ್ಷ ಬೆಂಗಳೂರು ಮುಸ್ಲಿಮ್ಸ್‌ಗೆ ಮೂರನೇ ರೋವರ್ಸ್ ಕಪ್. ಅದೇ ವರ್ಷ ಐಟಿಐ ಶುರು. ಅದೇ ವರ್ಷ ಜಯನಗರಕ್ಕೆ ಅಡಿಗಲ್ಲು. ಮರುವರ್ಷ ಸಿಟಿ ಮತ್ತು ಕಂಟೋನ್ಮೆಂಟ್ ಎರಡೂ ಸೇರಿ ಒಂದೇ ಕಾರ್ಪೊರೇಷನ್. ಮತ್ತು ಅದೇ 1949ರಲ್ಲಿ, ಬೆಂಗಳೂರಿನ ಅಹ್ಮದ್ ಖಾನ್ ಕೋಲ್ಕತ್ತದ ಈಸ್ಟ್ ಬೆಂಗಾಲ್ ಸೇರ್ಕೊಂಡ್ರು. ಅಲ್ಲಿಯವರು ತಮ್ಮ ಐವರು ಫಾರ್ವರ್ಡ್‌ಗಳನ್ನ 'ಪಂಚಪಾಂಡವರು' ಅಂತ ಕರೆದ್ರು, ಅದರಲ್ಲೊಬ್ಬರು ನಮ್ಮ ಈ ಅಹ್ಮದ್ ಖಾನ್.

ಅವರು ಹೋಗದೇ ಇದ್ದಿದ್ರೆ? ಇದು ಸರಿಯಾದ ಪ್ರಶ್ನೆ, ಯಾಕಂದ್ರೆ ಇದಕ್ಕೆ ಖರ್ಚಿದೆ. ಉಳಿಸ್ಕೊಳ್ಳೋಕೆ ಇಲ್ಲಿ ಯಾರಾದ್ರೂ ಕೆಲಸ ಕೊಡಬೇಕಿತ್ತು. ನಿಜದಲ್ಲೂ ಈ ಊರಿನ ಆಟಗಾರರನ್ನ ಸಾಕಿದ್ದು ಕಾರ್ಖಾನೆಗಳೇ. ಎಚ್‌ಎಎಲ್ ತಂಡವಂತೂ 2010ರ ನಂತರ ಐ-ಲೀಗ್‌ನಲ್ಲೂ ಆಡ್ತು. ಆದ್ರೆ ಎಚ್‌ಎಎಲ್, ಐಟಿಐ ಪೂರ್ವಕ್ಕೆ, ಬಿಇಎಲ್, ಎಚ್‌ಎಂಟಿ ಉತ್ತರಕ್ಕೆ. ದಕ್ಷಿಣಕ್ಕೇನಿದೆ? ಆಡುಗೋಡಿಯ ಮೈಕೋ ಇದೆ. ಆ ಕಂಪನಿ ಹುಟ್ಟಿದ್ದು 1951ರಲ್ಲಿ! ಲೇಖಕ ಕಣ್ಣುಮುಚ್ಚಿ ಆರಿಸಿದ ವರ್ಷಕ್ಕೆ ಇತಿಹಾಸವೇ ಒಂದು ಕಾರ್ಖಾನೆ ತಂದಿಟ್ಟಿದೆ, ಅವನು ಅದರ ಪಕ್ಕದ ರಸ್ತೆಯಲ್ಲೇ ದಿನಾ ಓಡಾಡ್ತಾನೆ. ಕಲ್ಪನೆ ಇಲ್ಲಿಂದ ಹೊರಡಲಿ. ಅಹ್ಮದ್ ಖಾನ್‌ಗೆ ಮೈಕೋದಲ್ಲಿ ಪರ್ಮನೆಂಟ್ ಕೆಲಸ ಸಿಗುತ್ತೆ, ಶಿಫ್ಟ್ ಮುಗಿಸಿದ ತಾವರೆಕೆರೆ ಹುಡುಗರು ಸಂಜೆ ಅವರ ಜೊತೆ ಆಡ್ತಾರೆ, ಕಂಟೋನ್ಮೆಂಟಿನ ಆಟ ಹೊಸೂರು ರಸ್ತೆ ಹಿಡಿದು ದಕ್ಷಿಣಕ್ಕೆ ಬರುತ್ತೆ. ಆಗ ಈಸ್ಟ್ ಬೆಂಗಾಲ್ 1949ರಿಂದ ಸತತ ಮೂರು ಸಲ ಗೆದ್ದ ಐಎಫ್‌ಎ ಶೀಲ್ಡ್ ಗತಿ ಏನು? ಪಾಂಡವರು ನಾಲ್ಕೇ ಜನ ಆದ್ರೆ ಕುರುಕ್ಷೇತ್ರ ಏನಾಗುತ್ತೆ? ನಾವು ಇಲ್ಲಿ ಪಡೆದಿದ್ದನ್ನ ಅಲ್ಲಿ ಯಾರೋ ಕಳ್ಕೋಬೇಕು. ಯಾರೂ ಏನೂ ಕಳ್ಕೊಳ್ಳದ ಪರ್ಯಾಯ ಇತಿಹಾಸಕ್ಕೆ ಹಗಲುಗನಸು ಅಂತಾರೆ.

ಇದೆಲ್ಲ ಒಂದು ಎಕ್ಸೆಲ್ ಫೈಲಿಗೆ ಜಾಸ್ತಿ ಆಯ್ತು ಅನ್ನಬಹುದು. ಆದ್ರೆ ಪ್ರಸಂಗ ಓದದೆ ಲೀಗ್ ಬರೆಯೋ ಅಭ್ಯಾಸ ದುಡ್ಡಿದ್ದವರಿಗೂ ಇದೆ. 2014ರಲ್ಲಿ ಐಎಸ್‌ಎಲ್ ಬಂತಲ್ಲ, ಅದೂ ಒಂಥರಾ ಸ್ಪ್ರೆಡ್‌ಶೀಟಿನಿಂದ ಎದ್ದು ಬಂದ ಲೀಗೇ. ಎಂಟು ತಂಡ, ಎಂಟು ಲೋಗೋ, ರೆಲಿಗೇಷನ್ ಇಲ್ಲ. ಆ ವರ್ಷದ ಐ-ಲೀಗ್ ಚಾಂಪಿಯನ್ ಬೆಂಗಳೂರು ಎಫ್‌ಸಿ, ಹುಟ್ಟಿದ ಮೊದಲ ಸೀಸನ್ನಿನಲ್ಲೇ ಗೆದ್ದ ತಂಡ. ಆದ್ರೆ ಹೊಸ ಕತೆಯ ಎಂಟು ಊರಲ್ಲಿ ಬೆಂಗಳೂರೇ ಇರಲಿಲ್ಲ. ನಾವು ಒಳಗೆ ಹೋಗಿದ್ದು 2017ರಲ್ಲಿ. 2025ರಲ್ಲಿ ಫೆಡರೇಷನ್ ಮತ್ತು ಲೀಗ್ ನಡೆಸೋ ಕಂಪನಿ ನಡುವಿನ ಒಪ್ಪಂದ ಮುಗಿಯೋಕೆ ಬಂದಾಗ ಸೀಸನ್ನೇ ತೂಗುಗತ್ತಿಗೆ ಬಿತ್ತು, ಆಟಗಾರರ ಸಂಬಳ ನಿಂತ ಸುದ್ದಿ ನಮ್ಮ ಕ್ಲಬ್ಬಿನಿಂದಲೇ ಬಂತು. ಮೇಲಿಂದ ಕಟ್ಟಿದ ಲೀಗಿಗೆ ಕೆಳಗೆ ಬೇರಿಲ್ಲದಿದ್ರೆ ಒಂದು ಸಹಿ ಸಾಕು, ಅಲ್ಲಾಡೋಕೆ.

ನಾನೂ ಅವನೂ ಇಬ್ಬರೂ ಈ ಊರಿಗೆ ಹೊರಗಿನಿಂದ ಬಂದವರು. ಅವನಿಗೆ ಈ ಲೀಗ್ ಯಾಕೆ ಬೇಕು ಅಂತ ನನಗೆ ಚೆನ್ನಾಗಿ ಗೊತ್ತು. ಟರ್ಫಿಗೆ ಗಂಟೆ ಲೆಕ್ಕದಲ್ಲಿ ಬಾಡಿಗೆ ಕೊಟ್ಟು ರಾತ್ರಿ ಹತ್ತಕ್ಕೆ ಆಡೋ ನಮಗೆ, ಆಟ ಮುಗಿದ ಮೇಲೆ ಸ್ಕೋರ್ ನೆನಪಿಟ್ಟುಕೊಳ್ಳೋ ಊರಿಲ್ಲ. ನಮ್ಮೂರಿನ ವಾಲಿಬಾಲ್ ಫೈನಲ್‌ನಲ್ಲಿ ಯಾರು ಸರ್ವ್ ಹಾಳು ಮಾಡಿದ್ದು ಅಂತ ಇವತ್ತಿಗೂ ಅಂಗಡಿ ಕಟ್ಟೆಯಲ್ಲಿ ಹೇಳೋರಿದ್ದಾರೆ. ಇಲ್ಲೂ ಅಂಥದ್ದೊಂದು ಹಳೇ ಕಾಲ ಬೇಕು, ಅದರಲ್ಲಿ ನಮಗೂ ಒಂದು ಜಾಗ ಬೇಕು. ನ್ಯಾಯವಾದ ಆಸೆ. ಆದ್ರೆ ಜಾಗ ಬೇಕು ಅಂದ್ರೆ ಮೊದಲೇ ಕೂತಿರೋರನ್ನ "ಸ್ವಲ್ಪ ಸರೀರಿ" ಅಂತ ಕೇಳ್ಬೇಕು, ಅವರು ಇರಲೇ ಇಲ್ಲ ಅಂತ ಬರೆಯೋದಲ್ಲ.

ಹಾಗಾಗಿ ನನ್ನ ರಿವ್ಯೂ: ಸದ್ಯಕ್ಕೆ ಅಪ್ರೂವ್ ಇಲ್ಲ. ದಾಳ ಸರಿಯಿದೆ, ಮುಟ್ಟಬೇಡ. 1950ರ ಬ್ರೆಜಿಲ್ ತೆಗೆದು 1949ರ ಬೆಂಗಳೂರಿನಿಂದ ಶುರುಮಾಡು. ಬಡಾವಣೆಗಳ ಹೆಸರು ಅವು ಹುಟ್ಟಿದ ಮೇಲೆ ಬರಲಿ. ಮತ್ತೆ ಆ ಗೋಲ್‌ಕೀಪರ್ ಇದಾನಲ್ಲ, ಹತ್ತೊಂಬತ್ತು ಸೀಸನ್ ಆಡಿ ಏನೂ ಗೆಲ್ಲದವನು, ಅವನಿಗೊಂದು ಊರು ಕೊಡು. ತಾವರೆಕೆರೆಯವನಾಗಲಿ. ಗದ್ದೆ ಹೋದದ್ದು ಯಾವ ಸೀಸನ್ನಿನಲ್ಲಿ ಅಂತ ಪಕ್ಕದ ಕಾಲಮ್ಮಿನಲ್ಲಿ ಬರಿ.